ಮೇ ತಿಂಗಳಲ್ಲಿ ಊರು ನೋಡಿ: ಬೀದರ್, ಕಲಬುರಗಿ, ಯಾದಗಿರಿ ಕಡೆ ಸಂಸಾರಕ್ಕೊಂದು ಚಿಕ್ಕ ಊರು ಆರಿಸುವುದು ಹೇಗೆ

ನಾವು ಮೊದಲು ಮೆಚ್ಚಿದ ಊರನ್ನು ನೋಡಿದ್ದು ಜನವರಿಯಲ್ಲಿ. ಎಳ್ಳಮಾವಾಸ್ಯೆ ಮುಗಿದು ಹತ್ತು ದಿನ ಆಗಿತ್ತು. ರಸ್ತೆಯ ಎರಡೂ ಕಡೆ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ಊರ ಹಿಂದೆ ಗುಡ್ಡ, ಗುಡ್ಡದ ಬುಡಕ್ಕೆ ಕೆರೆ. ನಮ್ಮ ಸಂಬಂಧಿಕರು ಹೊಲದಲ್ಲೇ ಸೀತನಿ (ಎಳೆ ಜೋಳದ ತೆನೆ) ಸುಟ್ಟು ಅಂಗೈಗೆ ಹಾಕಿದರು. ಮಕ್ಕಳು ಬದುವಿನ ಮೇಲೆ ಓಡಾಡಿದರು. ಸಂಜೆ ಬಸ್ಸು ಹತ್ತುವಷ್ಟರಲ್ಲಿ ನಾನು, ನಮ್ಮ ಮನೆಯವರು ಇಬ್ಬರೂ ಇದೇ ನಮ್ಮ ಊರು ಅಂತ ಗಟ್ಟಿ ಮಾಡಿಕೊಂಡಿದ್ದೆವು. ಬೆಂಗಳೂರಿನ ಬಾಡಿಗೆ ಅಷ್ಟು ಸಾಕಾಗಿತ್ತು.

ಮನೆಗೆ ಅಡ್ವಾನ್ಸ್ ಕೊಡೋಕೆ ಮತ್ತೆ ಹೋಗಿದ್ದು ಮೇ ತಿಂಗಳಲ್ಲಿ. ಕೆರೆಯ ತಳ ಬಿರುಕು ಬಿಟ್ಟಿತ್ತು. ನೋಡಿದ್ದ ಮನೆಯ ಅಂಗಳದಲ್ಲಿ ಏಳು ನೀಲಿ ಡ್ರಮ್ಮು ಸಾಲಾಗಿ ನಿಂತಿದ್ದವು. ಒಂದೊಂದರ ಬಾಯಿಗೂ ಹಳೆ ಸೀರೆಯ ತುಂಡು ಬಿಗಿದು ಕಟ್ಟಿದ್ದರು. ಪಕ್ಕದ ಮನೆಯ ಹೆಂಗಸು ನನ್ನನ್ನು ಕರೆದು ಮೆಲ್ಲಗೆ ಹೇಳಿದರು: "ಅಕ್ಕಾರ, ಇಲ್ಲಿ ನಳ ಬರೋದು ಎಂಟ್ ದಿನಕ್ಕೊಮ್ಮಿ ನೋಡ್ರಿ. ನಳ ಬಂದ್ ದಿನ ಯಾರೂ ಎಲ್ಲೂ ಹೋಗಂಗಿಲ್ಲ." ಮನೆ ಮಾಲೀಕರು ಜನವರಿಯಲ್ಲಿ ಈ ಮಾತು ಎತ್ತಿರಲಿಲ್ಲ. ನಾವೂ ಕೇಳಿರಲಿಲ್ಲ. ಆ ಅಡ್ವಾನ್ಸ್ ಕೊಡದೇ ವಾಪಸ್ ಬಂದೆವು.

ಆಮೇಲೆ ಒಂದು ವರ್ಷ ಈ ಮೂರು ಜಿಲ್ಲೆ ಸುತ್ತಿದೆವು. ಕೊನೆಗೆ ಬಸವಕಲ್ಯಾಣಕ್ಕೆ ಬಂದು ನೆಲೆಸಿದೆವು. ಈಗ ತಿಂಗಳಿಗೆ ಒಬ್ಬರಾದರೂ ಫೋನ್ ಮಾಡಿ "ನಾವೂ ಆ ಕಡೆ ಬರಬೇಕು ಅಂತಿದ್ದೀವಿ, ಯಾವ ಊರು ಚೆನ್ನಾಗಿದೆ?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಮೊದಲು ಮನೆಯಲ್ಲೇ ಕೂತು ಬರೆಯಿರಿ

ಊರು ನೋಡೋಕೆ ಹೊರಡುವ ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಮನೆಯಲ್ಲಿರುವ ಒಬ್ಬೊಬ್ಬರ ಹೆಸರಿಗೂ ಒಂದು ಪುಟ ಬಿಡಿ. ಅತ್ತೆಗೆ ಯಾವ ಡಾಕ್ಟರು ಬೇಕು, ಎಷ್ಟು ದಿನಕ್ಕೊಮ್ಮೆ? ಮಗ ಎಷ್ಟನೇ ಕ್ಲಾಸು, ಯಾವ ಮಾಧ್ಯಮ, ಮುಂದೆ ಸೈನ್ಸ್ ತಗೊಳ್ಳುವವನಾ? ಮನೆಯವರು ಮನೆಯಿಂದಲೇ ಕೆಲಸ ಮಾಡುತ್ತಾರಾ, ತಿಂಗಳಿಗೆ ಎಷ್ಟು ಸಲ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕು? ನಿಮ್ಮ ಪುಟವನ್ನು ಖಾಲಿ ಬಿಡಬೇಡಿ. ನಾನು ಬಿಟ್ಟಿದ್ದೆ. ನೀರು ಹಿಡಿಯೋದು, ಮಕ್ಕಳನ್ನು ಸ್ಕೂಲಿಗೆ ಬಿಡೋದು, ಸಂತೆ ಮಾಡೋದು ಎಲ್ಲ ನನ್ನ ತಲೆ ಮೇಲೆ ಬರುತ್ತದೆ ಅಂತ ಗೊತ್ತಿದ್ದೂ ಬಿಟ್ಟಿದ್ದೆ.

ಇಷ್ಟು ಬರೆದ ಮೇಲೆ ಪ್ರತಿ ಪುಟದಲ್ಲೂ 'ಇದಿಲ್ಲದೆ ಆಗಲ್ಲ' ಅನ್ನುವ ಒಂದೇ ಒಂದು ವಿಷಯಕ್ಕೆ ಗೆರೆ ಎಳೆಯಿರಿ. ಒಂದಕ್ಕಿಂತ ಜಾಸ್ತಿ ಗೆರೆ ಎಳೆದರೆ ಯಾವ ಊರೂ ಸಿಗುವುದಿಲ್ಲ.

ಮೂರು ಊರು ಸಾಕು

ಈ ಭಾಗವನ್ನು ಬರೀ ಬಿಸಿಲು ನಾಡು ಅಂತ ಕೇಳಿದವರಿಗೆ ಇಲ್ಲಿ ಕಣ್ಣಿಗೆ ತಂಪಾಗುವ ಊರುಗಳಿವೆ ಅಂದರೆ ನಂಬಿಕೆ ಬರುವುದಿಲ್ಲ. ನಾನು ಸುತ್ತಿದ ಊರುಗಳ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ನೀವು ಮೂರನ್ನು ಆರಿಸಿಕೊಳ್ಳಿ.

ಬೀದರ್ ಚಿಕ್ಕ ಊರೇನಲ್ಲ, ಜಿಲ್ಲಾ ಕೇಂದ್ರ. ಆದರೂ ದೊಡ್ಡ ನಗರದಿಂದ ಬರುವವರಿಗೆ ಚಿಕ್ಕದೇ ಅನ್ನಿಸುತ್ತದೆ. ಎತ್ತರದ ಮೇಲಿದೆ, ಹಾಗಾಗಿ ಕಲಬುರಗಿಯಷ್ಟು ಸುಡುವುದಿಲ್ಲ. ಕೆಂಪು ಜಂಬಿಟ್ಟಿಗೆ ನೆಲ. ಕೋಟೆ, 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಂಬಜ್‌ಗಳು, ಗುರುನಾನಕ್ ಝೀರಾದ ಸಿಹಿನೀರು, ಪಾಪನಾಶ. ಮಕ್ಕಳಿಗೆ ಭಾನುವಾರ ಎಲ್ಲಿಗೆ ಹೋಗೋಣ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ವೈದ್ಯಕೀಯ ಕಾಲೇಜು, ಪಶುವೈದ್ಯಕೀಯ ವಿಶ್ವವಿದ್ಯಾಲಯ, ಕೇಂದ್ರೀಯ ವಿದ್ಯಾಲಯ ಊರಲ್ಲೇ ಇವೆ. ಹೈದರಾಬಾದ್ ಸುಮಾರು 140 ಕಿ.ಮೀ. ವಯಸ್ಸಾದವರು ಮನೆಯಲ್ಲಿದ್ದರೆ ಬೇರೆ ಯೋಚನೆ ಮಾಡದೆ ಬೀದರನ್ನೇ ನೋಡಿ ಅಂತ ನಾನು ಹೇಳುತ್ತೇನೆ.

ಹುಮನಾಬಾದ್ ಓಡಾಟಕ್ಕೆ ಒಳ್ಳೆಯ ಜಾಗ. ಪುಣೆ–ಹೈದರಾಬಾದ್ ಹೆದ್ದಾರಿ ಅಲ್ಲೇ ಹಾಯುತ್ತದೆ. 2017ರಲ್ಲಿ ಶುರುವಾದ ಬೀದರ್–ಕಲಬುರಗಿ ರೈಲು ಮಾರ್ಗವೂ ಆ ಊರ ಮೇಲೆಯೇ ಹೋಗುತ್ತದೆ. ಪಕ್ಕದಲ್ಲೇ ಮಾಣಿಕನಗರ ಇದೆ. ಬೆಳಗ್ಗೆ ಹೊತ್ತು ಮಾಣಿಕಪ್ರಭುಗಳ ಗುಡಿಯ ಕಡೆ ನಡೆದರೆ ಮನಸ್ಸು ಹಗುರವಾಗುತ್ತದೆ. ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆ. ಆದರೆ ಹೆದ್ದಾರಿಗೆ ಅಂಟಿಕೊಂಡ ಮನೆ ಬೇಡ. ರಾತ್ರಿಯಿಡೀ ಲಾರಿ ಸದ್ದು.

ಭಾಲ್ಕಿ ಶಾಂತವಾದ ಊರು, ರೈಲು ಇದೆ. ಕನ್ನಡದ ಮೇಲೆ ಪ್ರೀತಿ ಇರುವವರಿಗೆ ಭಾಲ್ಕಿ ಹಿರೇಮಠದ ಕಥೆ ಗೊತ್ತಿರುತ್ತದೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು ಅಂತ ಇವತ್ತಿಗೂ ಹಿರಿಯರು ಹೇಳುತ್ತಾರೆ. ಕಾರಂಜಾ ಜಲಾಶಯ ಇರುವುದೂ ಇದೇ ತಾಲ್ಲೂಕಿನಲ್ಲಿ.

ಬಸವಕಲ್ಯಾಣಕ್ಕೆ ಬೀದರ್, ಕಲಬುರಗಿ ಎರಡೂ ಹತ್ತತ್ತಿರ 80 ಕಿ.ಮೀ. ಕೋಟೆ, ತ್ರಿಪುರಾಂತಕ ಕೆರೆ, ಬಸವಣ್ಣನವರ 108 ಅಡಿ ಪ್ರತಿಮೆ, ಶರಣರ ಗವಿಗಳು. ಇಲ್ಲಿ 'ಬಂದವರ ಓಣಿ' ಅಂತ ಒಂದು ಓಣಿ ಇದೆ. ಹನ್ನೆರಡನೇ ಶತಮಾನದಲ್ಲಿ ದೂರ ದೂರದಿಂದ ಕಲ್ಯಾಣಕ್ಕೆ ಬಂದ ಶರಣರು ಉಳಿದುಕೊಂಡ ಜಾಗ ಅನ್ನುತ್ತಾರೆ. ಬಳ್ಳಿಗಾವಿ ಕಡೆಯಿಂದ ಅಲ್ಲಮ ಬಂದರು, ಉಡುತಡಿಯಿಂದ ಅಕ್ಕ ಬಂದರು. ಹೊಸಬರಾಗಿ ಬಂದ ಮೊದಲ ವಾರ ಆ ಓಣಿಯ ಹೆಸರು ಕೇಳಿ ನನಗೆ ಕಣ್ಣು ತುಂಬಿ ಬಂದಿತ್ತು. ಊರೊಳಗೆ ರೈಲಿಲ್ಲ, ಅದೊಂದು ಕೊರತೆ.

ಕಾಡು ಬೇಕು ಅನ್ನುವವರು ಚಿಂಚೋಳಿ ನೋಡಿ. 2011ರಲ್ಲಿ ವನ್ಯಜೀವಿ ಧಾಮ ಅಂತ ಘೋಷಿಸಿದ ಸುಮಾರು 135 ಚದರ ಕಿ.ಮೀ. ಕಾಡು, ಚಂದ್ರಂಪಳ್ಳಿ ಡ್ಯಾಮ್, ಮಳೆಗಾಲದಲ್ಲಿ ಎತ್ತಿಪೋತ ಜಲಪಾತ, ಸುತ್ತ ಲಂಬಾಣಿ ತಾಂಡಾಗಳು. ಕಲಬುರಗಿ ಜಿಲ್ಲೆಯಲ್ಲಿ ಇಷ್ಟು ಹಸಿರು ಇನ್ನೆಲ್ಲೂ ಇಲ್ಲ. ಆದರೆ ರೈಲಿಗೆ ತೆಲಂಗಾಣದ ತಾಂಡೂರಿಗೆ ಹೋಗಬೇಕು, ದೊಡ್ಡ ಆಸ್ಪತ್ರೆಗೆ ಕಲಬುರಗಿಗೆ. ಚಿಕ್ಕ ಕೂಸು ಇರುವವರು, ಬಾಣಂತನ ಎದುರು ನೋಡುತ್ತಿರುವವರು ಎರಡು ಸಲ ಯೋಚಿಸಿ.

ಇನ್ನು ಯಾದಗಿರಿ ಜಿಲ್ಲೆ. ಗುಡ್ಡದ ನಡುವೆ ಕೂತ ಸುರಪುರದಷ್ಟು ಚಂದದ ಊರು ಈ ಮೂರು ಜಿಲ್ಲೆಯಲ್ಲಿ ನಾನು ನೋಡಲಿಲ್ಲ. ನಾಯಕರ ಅರಮನೆ, ಗುಡ್ಡದ ಮೇಲೆ ಬ್ರಿಟಿಷ್ ಅಧಿಕಾರಿ ಟೇಲರ್ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್, ಹತ್ತಿರದಲ್ಲೇ ಬೋನಾಳ ಪಕ್ಷಿಧಾಮ. ಶಹಾಪುರದಲ್ಲಿ ಗುಡ್ಡವೇ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ನಮ್ಮ ಮಗಳು ಬಸ್ಸಿನ ಕಿಟಕಿಯಿಂದ ಮೂಗು, ತುಟಿ, ಗದ್ದ ಬೆರಳಲ್ಲಿ ಗೆರೆ ಎಳೆದು ತೋರಿಸಿದ್ದಳು. ಎರಡೂ ಊರಿಗೆ ರೈಲಿಲ್ಲ, ಯಾದಗಿರಿಗೇ ಬರಬೇಕು. ಯಾದಗಿರಿಯಲ್ಲಾದರೆ ಉದ್ಯಾನ್, ಕರ್ನಾಟಕ ಎಕ್ಸ್‌ಪ್ರೆಸ್ ಎರಡೂ ನಿಲ್ಲುತ್ತವೆ. ಬೆಂಗಳೂರಿಗೆ ಆಗಾಗ ಹೋಗುವವರಿಗೆ ಇದು ದೊಡ್ಡ ಅನುಕೂಲ.

ಕಲಬುರಗಿ ಜಿಲ್ಲೆಯ ಸೇಡಂ, ವಾಡಿ, ಶಹಾಬಾದ್ ಕಡೆ ಕೆಲಸ ಚೆನ್ನಾಗಿ ಸಿಗುತ್ತದೆ, ರೈಲೂ ಇದೆ. ಸಿಮೆಂಟ್ ಕಾರ್ಖಾನೆ, ಕಲ್ಲಿನ ಖಣಿ ಇರುವ ಜಾಗ. ದಮ್ಮು, ಅಲರ್ಜಿ ಇರುವ ಮಕ್ಕಳಿದ್ದರೆ ಗಾಳಿ ಯಾವ ಕಡೆ ಬೀಸುತ್ತದೆ ಅಂತ ನೋಡಿ ಮನೆ ಹಿಡಿಯಿರಿ.

ಮೇ ತಿಂಗಳಲ್ಲಿ ಹೋಗಿ, ಎರಡು ರಾತ್ರಿ ಇರಿ

ಇಷ್ಟೆಲ್ಲ ಬರೆದದ್ದರಲ್ಲಿ ಇದೊಂದನ್ನಾದರೂ ಬಿಡದೆ ಮಾಡಿ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ. 42, 43 ಡಿಗ್ರಿ ಬಿಸಿಲು ಇಲ್ಲಿ ಹೊಸದಲ್ಲ. ಅಂಥ ದಿನಗಳಲ್ಲೇ ಹೋಗಿ. ಲಾಡ್ಜಿನಲ್ಲಾಗಲಿ, ನೆಂಟರ ಮನೆಯಲ್ಲಾಗಲಿ ಎರಡು ರಾತ್ರಿ ಇರಿ. ಕರೆಂಟು ಎಷ್ಟು ಸಲ ಹೋಗುತ್ತದೆ, ಎಷ್ಟು ಹೊತ್ತು ಹೋಗುತ್ತದೆ ಅಂತ ಬರೆದಿಡಿ. ರಾತ್ರಿ ಎಂಟಕ್ಕೆ ಮನೆಯ ಒಳಕೋಣೆಯಲ್ಲಿ ನಿಂತು ಮೊಬೈಲ್‌ನಲ್ಲಿ ವಿಡಿಯೋ ಕಾಲ್ ಮಾಡಿ ನೋಡಿ. ಮನೆಯಿಂದ ಕೆಲಸ ಮಾಡುವವರ ಪಾಡು ಅಲ್ಲೇ ಗೊತ್ತಾಗುತ್ತದೆ.

ಮಧ್ಯಾಹ್ನ ಎರಡು ಗಂಟೆಗೆ ಮನೆಯೊಳಗೆ ಕೂತು ನೋಡಿ. ಹಳೆಯ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಕೆಳಗೆ ಶಹಾಬಾದ್ ಪರಸಿ ಕಲ್ಲು ಹಾಸಿದ ಮನೆ ಆ ಹೊತ್ತಿಗೂ ತಣ್ಣಗಿರುತ್ತದೆ. ಹೊಸ ಆರ್‌ಸಿಸಿ ಮನೆಯ ಮೇಲಿನ ಮಹಡಿ ಒಲೆಯ ಹಾಗೆ ಕಾಯುತ್ತದೆ. ಬಾಡಿಗೆ ಸಾವಿರ ರೂಪಾಯಿ ಜಾಸ್ತಿ ಆದರೂ ಕೆಳಗಿನ ಮನೆಯನ್ನೇ ಹಿಡಿಯಿರಿ.

ಈಗ ನೀರು. ಮಾಲೀಕರನ್ನು ಕೇಳಬೇಡಿ, ನೀರು ಹಿಡಿಯುವವರನ್ನು ಕೇಳಿ. "ನೀರು ಬರ್ತದಾ?" ಅಂದರೆ ಎಲ್ಲರೂ "ಬರ್ತದ್ರಿ" ಅಂತಲೇ ಹೇಳುತ್ತಾರೆ. ಹೀಗೆ ಕೇಳಿ: ಹೋದ ಸಲ ನಳ ಬಂದಿದ್ದು ಯಾವ ದಿನ? ಅದಕ್ಕೂ ಮೊದಲು ಯಾವಾಗ? ಎಷ್ಟು ಹೊತ್ತು ಇತ್ತು, ಹಗಲೋ ರಾತ್ರಿಯೋ? ಮೋಟಾರ್ ಹಚ್ಚದೆ ಸಂಪು ತುಂಬುತ್ತಾ? ಟ್ಯಾಂಕರ್ ತರಿಸಿದರೆ ಎಷ್ಟು ರೊಕ್ಕ? ಆಮೇಲೆ ಅಂಗಳದಲ್ಲಿರುವ ಡ್ರಮ್ಮು ಎಣಿಸಿ. ಒಂದೆರಡು ಡ್ರಮ್ಮು ಇದ್ದರೆ ಚಿಂತೆಯಿಲ್ಲ. ಆರೇಳು ಕಂಡರೆ ವಿಷಯ ಅಲ್ಲೇ ಗೊತ್ತಾಯಿತು.

ಬೋರ್‌ವೆಲ್ ಇದೆ ಅಂದರೆ ಸಮಾಧಾನ ಪಡಬೇಡಿ. ಯಾದಗಿರಿ, ಕಲಬುರಗಿ ಕಡೆ ಹಲವು ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಜಾಸ್ತಿಯಾಗುತ್ತದೆ ಅಷ್ಟೇ. ಒಂದು ಲೀಟರ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸಿ. ಜಿಲ್ಲಾ ಕೇಂದ್ರದಲ್ಲಿರುವ ಕುಡಿಯುವ ನೀರಿನ ಪರೀಕ್ಷಾ ಲ್ಯಾಬಿಗೆ ಕೊಡಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಇಲ್ಲವೇ ಇಲ್ಲ ಅನ್ನುವಾಗ 1.5ರವರೆಗೆ ಒಪ್ಪುತ್ತಾರೆ. ಅದಕ್ಕೂ ಜಾಸ್ತಿ ಇದ್ದರೆ ಮಕ್ಕಳ ಹಲ್ಲು, ದೊಡ್ಡವರ ಮೂಳೆ ಎರಡಕ್ಕೂ ತೊಂದರೆ. ಓಣಿಯ ಶಾಲೆ ಬಿಡುವ ಹೊತ್ತಿಗೆ ನಿಂತು ಮಕ್ಕಳು ನಕ್ಕಾಗ ಹಲ್ಲು ನೋಡಿ. ಹಲ್ಲಿನ ಮೇಲೆ ಕಂದು ಪಟ್ಟೆ ಕಂಡರೆ ಲ್ಯಾಬಿನ ರಿಪೋರ್ಟು ಬರುವವರೆಗೆ ಮನೆಯ ಮಾತು ಮುಂದಕ್ಕೆ ಹಾಕಿ.

ಮಳೆಗಾಲದಲ್ಲಿ ಮತ್ತೊಮ್ಮೆ

ಎರಡನೇ ಸಲ ಹೋಗಬೇಕಾದದ್ದು ಸೆಪ್ಟೆಂಬರ್ ಹೊತ್ತಿಗೆ. ಈಗ ನೋಡಬೇಕಾದದ್ದು ನೆಲ.

ಕಲಬುರಗಿ, ಯಾದಗಿರಿಯ ಹೆಚ್ಚಿನ ಭಾಗ ಎರೆ ಭೂಮಿ. ತೊಗರಿಗೆ, ಜೋಳಕ್ಕೆ ಇಂಥ ಮಣ್ಣು ಸಿಗುವುದಿಲ್ಲ. ಮನೆಗೆ ಮಾತ್ರ ಇದು ಕಷ್ಟ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಪಾಯ ಮೇಲೆ ಮೇಲೆ ಹಾಕಿದ ಮನೆಯಾದರೆ ಗೋಡೆಯೂ ಜೊತೆಗೇ ಬಿರಿಯುತ್ತದೆ. ನಾವು ಬಾಡಿಗೆಗೆ ನೋಡಿದ ಒಂದು ಮನೆಗೆ ಹೊಸದಾಗಿ ಬಣ್ಣ ಹೊಡೆದಿದ್ದರು. ಕಿಟಕಿಯ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಒಂದು ಗೆರೆ, ಅದರ ಮೇಲೆ ಪುಟ್ಟಿ ತುಂಬಿ ಬಣ್ಣ ಬಳಿದಿದ್ದರು. ನಮ್ಮ ಅತ್ತೆ ಅದರ ಮೇಲೆ ಉಗುರು ಆಡಿಸಿದರು. ಪುಟ್ಟಿ ಉದುರಿತು. ಒಳಗೆ ಒಂದು ರೂಪಾಯಿ ನಾಣ್ಯ ನಿಲ್ಲುವಷ್ಟು ಸಂದು. ಬಾಗಿಲು, ಕಿಟಕಿಯ ಮೂಲೆಗಳನ್ನು ಹೀಗೆ ಮುಟ್ಟಿ ನೋಡಿ. ನೀವೇ ಕಟ್ಟಿಸುವುದಾದರೆ ಎರೆ ಮಣ್ಣು ಮುಗಿದು ಗಟ್ಟಿ ಮುರುಮು (ಗರಸು) ಸಿಗುವವರೆಗೂ ಪಾಯ ತೆಗೆಸಿ. ಖರ್ಚು ಜಾಸ್ತಿ ಆಗುತ್ತದೆ, ಆದರೂ ಅಲ್ಲಿ ಉಳಿಸಲು ಹೋಗಬೇಡಿ.

ಹೊಳೆ ದಂಡೆಯ ಊರು ನೋಡೋಕೆ ಚಂದ. ಗಾಣಗಾಪುರ, ಸನ್ನತಿಯಂಥ ಜಾಗದಲ್ಲಿ ಭೀಮಾ ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಆದರೆ 2020ರ ಅಕ್ಟೋಬರಿನಲ್ಲಿ ಅದೇ ಭೀಮಾ ಉಕ್ಕಿ ದಂಡೆಯ ಹಳ್ಳಿಗಳಿಗೆ ನುಗ್ಗಿತ್ತು. ಇಲ್ಲಿ ಮಳೆಯೇ ಇಲ್ಲದಿದ್ದರೂ ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರು ಬಿಟ್ಟರೆ ಪ್ರವಾಹ ಬರುತ್ತದೆ. ಕೃಷ್ಣಾ ಕಡೆಯೂ ಹೀಗೇ. ನಾರಾಯಣಪುರ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟಾಗ ಕೊಳ್ಳೂರು ಸೇತುವೆ ಮುಳುಗಿ ಶಹಾಪುರ–ದೇವದುರ್ಗ ರಸ್ತೆ ಬಂದ್ ಆಗುತ್ತದೆ. ಊರಿನ ಹಿರಿಯರನ್ನು ಕೇಳಿ: "2020ರಾಗ ನೀರು ಎಲ್ಲಿತನಕ ಬಂದಿತ್ತು?" ಅವರು ಕೈ ತೋರಿಸಿದ ಗೋಡೆಗಿಂತ ಮೇಲಿನ ಓಣಿಯಲ್ಲಿ ಮನೆ ಹುಡುಕಿ.

ಚಿಂಚೋಳಿ ಕಡೆ ಹೋಗುವವರಿಗೆ ಇನ್ನೊಂದು ಮಾತು. 2021ರ ಅಕ್ಟೋಬರಿನಲ್ಲಿ ಗಡಿಕೇಶ್ವಾರದ ಸುತ್ತ ಭೂಮಿ ಮತ್ತೆ ಮತ್ತೆ ಕಂಪಿಸಿ ಜನ ಮನೆ ಬಿಟ್ಟು ಹೊರಗೆ ಮಲಗಿದ್ದರು. ಹೆದರಬೇಕಿಲ್ಲ, ಆದರೆ ಅಲ್ಲಿ ಹಳೆ ಕಲ್ಲುಮಣ್ಣಿನ ಮನೆ ಬೇಡ. ಪಿಲ್ಲರ್ ಹಾಕಿ ಕಟ್ಟಿದ ಮನೆಯೇ ಇರಲಿ.

ಆಸ್ಪತ್ರೆ, ಶಾಲೆ, ಕೊನೆಯ ಬಸ್ಸು

ಆಸ್ಪತ್ರೆಯನ್ನು ಕಿಲೋಮೀಟರ್‌ನಲ್ಲಿ ಅಳೆಯಬೇಡಿ, ರಾತ್ರಿ ಎರಡು ಗಂಟೆಗೆ ತಲುಪಲು ಎಷ್ಟು ಹೊತ್ತು ಬೇಕು ಅಂತ ಅಳೆಯಿರಿ. ಹೃದಯಕ್ಕೆ ಜಯದೇವ, ಕ್ಯಾನ್ಸರಿಗೆ ಕಿದ್ವಾಯಿ ಶಾಖೆ, ಜೊತೆಗೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜಿಮ್ಸ್, ಇಎಸ್‌ಐ ಆಸ್ಪತ್ರೆ, ಎಲ್ಲ ಇರುವುದು ಕಲಬುರಗಿಯಲ್ಲಿ. ಅಂಥದ್ದೇ ಆಸ್ಪತ್ರೆ ಬೀದರ್‌ಗೆ ಬ್ರಿಮ್ಸ್, ಯಾದಗಿರಿಗೆ ಯಿಮ್ಸ್ ಇವೆ. ತಾಲ್ಲೂಕು ಆಸ್ಪತ್ರೆಗೆ ಒಂದು ಬೆಳಗ್ಗೆ ಸುಮ್ನೆ ಹೋಗಿ ಕೂತು ಬನ್ನಿ. ಹೆರಿಗೆ ಡಾಕ್ಟರು, ಮಕ್ಕಳ ಡಾಕ್ಟರು ವಾರಕ್ಕೆ ಎಷ್ಟು ದಿನ ಬರುತ್ತಾರೆ ಅಂತ ನರ್ಸಮ್ಮನನ್ನು ಕೇಳಿ.

ಶಾಲೆಗೆ ಹೋದರೆ ಕಟ್ಟಡ ನೋಡಬೇಡಿ, ಗಣಿತ ಮತ್ತು ವಿಜ್ಞಾನದ ಮೇಷ್ಟ್ರು ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿ. ಬರುವಾಗ ಹಳೆ ಶಾಲೆಯಿಂದ ಟಿಸಿ, ಅದರ ಮೇಲೆ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಗುರುತಿನ ಸಂಖ್ಯೆ) ಇದೆಯಾ ಅಂತ ನೋಡಿಕೊಂಡು ಬನ್ನಿ.

ಬಸ್ಸಿಗೆ ಚಿಂತೆಯಿಲ್ಲ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಹೆಚ್ಚುಕಡಿಮೆ ಎಲ್ಲ ಕಡೆ ಹೋಗುತ್ತದೆ, ಹೆಂಗಸರಿಗೆ 2023ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿಗೆ ಟಿಕೆಟ್ಟಿನ ದುಡ್ಡೂ ಇಲ್ಲ. ಜಿಲ್ಲಾ ಕೇಂದ್ರದಿಂದ ಕೊನೆಯ ಬಸ್ಸು ಎಷ್ಟು ಗಂಟೆಗೆ ಅನ್ನುವುದನ್ನು ಮಾತ್ರ ಡಿಪೋದಲ್ಲಿ ಕೇಳಿ ಬರೆದುಕೊಳ್ಳಿ.

ಜನ, ಮಾತು

ಬೀದರ್ ಕಡೆ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕೇಳುತ್ತವೆ. ಗುರುಮಠಕಲ್ ಕಡೆ ತೆಲುಗು. ನಮ್ಮ ಮಗ ಬೆಂಗಳೂರಿನಿಂದ ಬಂದಾಗ ಶಾಲೆಯಲ್ಲಿ ಅವನ ಕನ್ನಡಕ್ಕೆ ಹುಡುಗರು ನಕ್ಕರು, ಇವನು ಅವರದಕ್ಕೆ ನಕ್ಕ. ಆರು ತಿಂಗಳಿಗೆ "ಯಾಕಲೇ, ಎಲ್ಲಿ ಹೊಂಟಿ?" ಅನ್ನೋಕೆ ಶುರು ಮಾಡಿದ. ಇಲ್ಲಿನ ಜನ ಮೊದಲ ದಿನವೇ ರೊಟ್ಟಿ, ಶೇಂಗಾ ಹಿಂಡಿ ತಂದು ಕೊಡುತ್ತಾರೆ. ಪಾತ್ರೆಯನ್ನು ಖಾಲಿ ವಾಪಸ್ ಕೊಡಬೇಡಿ. ಎಳ್ಳಮಾವಾಸ್ಯೆಗೆ ಯಾರಾದರೂ ಚರಗ ಚೆಲ್ಲೋಕೆ (ಭೂಮಿತಾಯಿಗೆ ಎಡೆ ಹಾಕೋಕೆ) ಹೊಲಕ್ಕೆ ಕರೆದರೆ ಎಲ್ಲ ಕೆಲಸ ಬಿಟ್ಟು ಹೋಗಿ. ಭಜ್ಜಿ, ಸಜ್ಜೆ ಕಡುಬು ಉಣ್ಣುತ್ತಾ ಕೂತಾಗಲೇ ನಮಗೆ ನಾಲ್ಕು ಮನೆ ಪರಿಚಯವಾಗಿದ್ದು.

ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಬಗ್ಗೆ ಬಹಳ ಜನ ಕೇಳುತ್ತಾರೆ. 2012ರ 98ನೇ ತಿದ್ದುಪಡಿಯಿಂದ ಬಂದ ಈ ಸೌಲಭ್ಯದಲ್ಲಿ ಈ ಭಾಗದ ಕಾಲೇಜುಗಳ ಶೇ. 70 ಸೀಟು ಸ್ಥಳೀಯರಿಗೆ ಮೀಸಲು, ಹೊರಗಿನ ಜಿಲ್ಲೆಗಳಲ್ಲಿ ಶೇ. 8. ಮನೆ ಬದಲಾಯಿಸಿ ಬಂದ ಮಾತ್ರಕ್ಕೆ ಇದು ಸಿಗುವುದಿಲ್ಲ. ಆದರೆ ನಮ್ಮ ಹಾಗೆ ಹುಟ್ಟೂರು ಇಲ್ಲೇ ಇದ್ದು ಹೊರಗೆ ಹೋಗಿದ್ದವರು ಸಹಾಯಕ ಆಯುಕ್ತರ ಕಚೇರಿಯಲ್ಲಿ ವಿಚಾರಿಸಿ. ತಂದೆ-ತಾಯಿಯ ಹಳೆ ಶಾಲಾ ದಾಖಲೆ ಹುಡುಕಿ ಇಟ್ಟುಕೊಳ್ಳಿ.

ಒಂದು ವರ್ಷ ಬಾಡಿಗೆ, ಆಮೇಲೆ ಖರೀದಿ

ಬಂದ ಕೂಡಲೇ ಪ್ಲಾಟು ಕೊಳ್ಳಬೇಡಿ. ಒಂದು ಬೇಸಿಗೆ, ಒಂದು ಮಳೆಗಾಲ ಬಾಡಿಗೆ ಮನೆಯಲ್ಲಿ ಕಳೆಯಿರಿ. ಬೆಂಗಳೂರಿಗೆ ಹೋಲಿಸಿದರೆ ಇಲ್ಲಿ ಎಲ್ಲವೂ ಅಗ್ಗ ಅನ್ನಿಸುತ್ತದೆ, ಆ ಆಸೆಗೆ ಕೈ ಓಡುತ್ತದೆ. ತಡೆಯಿರಿ.

ಕೊಳ್ಳುವಾಗ ಹೊಲದ ಪಹಣಿ ತೋರಿಸಿ "ಇದೇ ಪ್ಲಾಟು" ಅಂದರೆ ಎದ್ದು ಬನ್ನಿ. ಜಮೀನು ಎನ್‌ಎ (ಕೃಷಿಯೇತರ) ಆಗಿರಬೇಕು, ಲೇಔಟಿಗೆ ಮಂಜೂರಾತಿ ಇರಬೇಕು. ಆಸ್ತಿ ದಾಖಲೆಗೆ ಗ್ರಾಮ ಪಂಚಾಯ್ತಿ ಆದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣ ಆದರೆ ಇ-ಆಸ್ತಿಯ ನಮೂನೆ 3 ಕೇಳಿ. ಇಸಿಯನ್ನು (ಆಸ್ತಿಯ ಋಣಭಾರ ಪತ್ರ) 30 ವರ್ಷದ್ದು ತೆಗೆಸಿ. ಪಿತ್ರಾರ್ಜಿತ ಆಸ್ತಿ ಆಗಿದ್ದರೆ ಅಣ್ಣತಮ್ಮಂದಿರ ಸಹಿ ಮಾತ್ರ ಸಾಲದು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು. ಲಗ್ನ ಆಗಿ ಸೊಲ್ಲಾಪುರಕ್ಕೋ ಲಾತೂರಿಗೋ ಹೋದ ಅಕ್ಕತಂಗಿಯರ ಸಹಿಯನ್ನೂ ಕೇಳಿ. ನಮ್ಮ ಕಣ್ಣೆದುರೇ ಒಬ್ಬರು ಇದನ್ನು ಬಿಟ್ಟು ಕೋರ್ಟು ಅಲೆಯುತ್ತಿದ್ದಾರೆ.

ಸಾಮಾನು ಸಾಗಿಸುವ ದಿನ

ಪರೀಕ್ಷೆ ಮುಗಿದು ಶಾಲೆ ಶುರುವಾಗುವ ನಡುವೆ ಬರುವವರೇ ಜಾಸ್ತಿ. ಅದು ಬಿರುಬೇಸಿಗೆ. ಲಾರಿ ನಸುಕಿನಲ್ಲಿ ಊರು ಮುಟ್ಟುವ ಹಾಗೆ ಹೊರಡಿಸಿ. ಹಮಾಲರು ಹನ್ನೊಂದರ ಮೇಲೆ ಬಿಸಿಲಲ್ಲಿ ಕೆಲಸ ಮಾಡುವ ಹಾಗಾಗಬಾರದು. ಮೊದಲೇ ಫೋನ್ ಮಾಡಿ ಪಕ್ಕದ ಮನೆಯವರಿಗೆ ನಳ ಬರುವ ದಿನ ಕೇಳಿಕೊಳ್ಳಿ, ಅದರ ಹಿಂದಿನ ದಿನ ತಲುಪಿ. ಮತ್ತೆ ಎರಡು ಡ್ರಮ್ಮು, ಒಂದು ಉದ್ದ ಪೈಪು ಲಾರಿಗೆ ಎಲ್ಲಕ್ಕಿಂತ ಕೊನೆಗೆ ಹಾಕಿಸಿ. ಇಳಿಸುವಾಗ ಅವೇ ಮೊದಲು ಇಳಿಯಲಿ.